ಕಾಫಿಡಬ್ಬದಲ್ಲಿ ಮೂರು ತಟ್ಟೆ

2018ರ ಮೇ ತಿಂಗಳು. ಸಾನಪಾಡಾದ ನಮ್ಮ ತವರುಮನೆಗೆ ಮಳೆಗಾಲಕ್ಕೆ ಮೊದಲೇ ಬಣ್ಣ ಹೊಡೆಸಿಬಿಡುವುದೆಂದು ತೀರ್ಮಾನವಾಗಿ, ಅಟ್ಟ ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಸ್ಟೂಲಿನ ಮೇಲೆ ನಾನು, ಕೆಳಗೆ ಸಾಮಾನು ಹಿಡಿಯಲು ನನ್ನ ಗಂಡ ಮಂಜುನಾಥ. ಹಳೆಯ ಟೇಬಲ್ ಫ್ಯಾನು, ತಂಗಿಯ ಮೂರು ಚಕ್ರದ ಸೈಕಲ್ಲು, ನನ್ನ ಹತ್ತನೇ ಕ್ಲಾಸಿನ ಗೈಡುಗಳು ಒಂದೊಂದಾಗಿ ಇಳಿದ ಮೇಲೆ ಮೂಲೆಯಲ್ಲಿ ಚೌಕಾಕಾರದ ದೊಡ್ಡ ತಗಡಿನ ಡಬ್ಬವೊಂದು ಸಿಕ್ಕಿತು. ಮುಚ್ಚಳ ಬಿಗಿದುಕೊಂಡಿತ್ತು. ಕೆಳಗಿಳಿದು ಚಮಚದ ಹಿಡಿಯಿಂದ ಮೀಟಿದೆ. ಚಿಕೋರಿ ಬೆರೆತ ಕಾಫಿಪುಡಿ, ಕರ್ಪೂರ, ಅದರ ಹಿಂದೆ ತೆಳ್ಳಗೆ ಸೀಮೆಎಣ್ಣೆ. ಮೂರು ವಾಸನೆಯೂ ಒಟ್ಟಿಗೆ ಮೂಗಿಗೆ ಬಂತು. ನಾನು ನೆಲದ ಮೇಲೆ ಕೂತುಬಿಟ್ಟೆ.

"ಏನದು?" ಎಂದ ಮಂಜುನಾಥ. ಅವನು ಹುಬ್ಬಳ್ಳಿಯವನು, ಈ ಮನೆಯ ಪುರಾಣವೆಲ್ಲ ಅವನಿಗೆ ಗೊತ್ತಿಲ್ಲ.

"ನಮ್ಮ ಮಳೆಡಬ್ಬ."

ಅವನು ಒಳಗಿನದನ್ನು ಒಂದೊಂದಾಗಿ ತೆಗೆದ. ತುಕ್ಕು ಹಿಡಿದ ಸ್ಟವ್ ಪಿನ್ನು, ಒಂದು ಸೀಟಿ, ಅರ್ಧ ಉರಿದ ಮೇಣದಬತ್ತಿ, ಹೋಟೆಲಿನ ಹೆಸರು ಕೊರೆದ ಸ್ಟೀಲಿನ ತಿಂಡಿ ತಟ್ಟೆಗಳು. ತಟ್ಟೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, "ಇದರಾಗ ಮೂರ ತಾಟ ಅದಾವಲ್ಲ. ನೀವು ನಾಕ ಮಂದಿ ಅಲ್ಲೇನು?" ಎಂದ.

ಹನ್ನೆರಡು ವರ್ಷಗಳ ಹಿಂದೆ ನಾನು ಕೇಳಿದ್ದೂ ಇದೇ ಪ್ರಶ್ನೆ. ಅದನ್ನು ಕೇಳದೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ.

ನಾನು ಹುಟ್ಟಿದ್ದು ಠಾಣೆಯ ಕೋಪರಿಯಲ್ಲಿ. ಸ್ಟೇಷನ್ನಿನಿಂದ ಇಳಿದು ಬಂದರೆ ಅಪ್ಪನ ಸಸ್ಯಾಹಾರಿ ಹೋಟೆಲು, ಅದರ ಮಾಳಿಗೆಯ ಮೇಲೆ ನಮ್ಮ ಬಿಡಾರ. ಅಮ್ಮ ಉಡುಪಿ ಕಡೆಯಿಂದ ಮದುವೆಯಾಗಿ ಬಂದಾಗ ಅವಳಿಗೆ ಒಂದು ಅಡುಗೆಮನೆ ಅಂತ ಸಿಗಲೇ ಇಲ್ಲ. ಕೆಳಗೆ ಅಷ್ಟು ದೊಡ್ಡ ಒಲೆ ಉರಿಯುತ್ತಿರುವಾಗ ಮೇಲೆ ಇನ್ನೊಂದು ಒಲೆ ಯಾಕೆ ಎಂಬುದು ಅಪ್ಪನ ಲೆಕ್ಕಾಚಾರ. ಕಿಟಕಿಯಿಂದ ಬಗ್ಗಿ ಕರೆದರೆ ಇಡ್ಲಿ ಮೇಲೆ ಬರುತ್ತಿತ್ತು. ಬೇಸರವಾದರೆ ಅಮ್ಮ ಹಾಲು ಕಾಯಿಸುತ್ತಿದ್ದಳು, ಅಷ್ಟೆ.

ಠಾಣೆಯಿಂದ ವಾಶಿ ಕಡೆಗೆ ನೇರ ರೈಲು ಓಡತೊಡಗಿದ ಮೇಲೆ ಅಪ್ಪ ಧೈರ್ಯ ಮಾಡಿ ಸಾನಪಾಡಾದಲ್ಲಿ ಫ್ಲಾಟು ತೆಗೆದುಕೊಂಡ. ಮನೆ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. ದಿನಾ ಅಪ್ಪ ಬರುವಾಗ ಕ್ಯಾರಿಯರ್ ತುಂಬ ಸಾಂಬಾರು, ಪಲ್ಯ, ಮರುದಿನದ ದೋಸೆಹಿಟ್ಟು. ಹೊಸ ಮನೆಯ ಹೊಸ ಅಡುಗೆಕಟ್ಟೆಯ ಮೇಲೆ ಅಮ್ಮ ಹೂದಾನಿ ಇಟ್ಟಿದ್ದಳು. ಅಕ್ಕಿಯ ಡಬ್ಬದಲ್ಲಿ ನನ್ನ ರಿಬ್ಬನ್ನುಗಳಿದ್ದವು.

ಹಾಗಿರುವಾಗ 2005ರ ಆ ಮಳೆ ಬಂತು. ಮುಂಬಯಿಯ ಸುತ್ತಮುತ್ತ ಇದ್ದವರಿಗೆ ಅದು ಯಾವ ಮಳೆ ಎಂದು ಹೇಳಬೇಕಾಗಿಲ್ಲ. ಎರಡು ದಿನ ಅಪ್ಪ ಕೋಪರಿಯಲ್ಲಿ, ನಾವು ಸಾನಪಾಡಾದಲ್ಲಿ. ರೈಲಿಲ್ಲ, ಕರೆಂಟಿಲ್ಲ, ಫೋನಿಲ್ಲ. ಮನೆಯಲ್ಲಿ ಇದ್ದದ್ದು ಚಾಪುಡಿ, ಸಕ್ಕರೆ, ಅರ್ಧ ಪ್ಯಾಕೆಟ್ ರಸ್ಕು. ನನಗೆ ಆಗ ಹದಿಮೂರು, ತಂಗಿ ದೀಪಾಳಿಗೆ ಆರು. ರಸ್ಕು ಮುಗಿದ ಮೇಲೆ ದೀಪಾ ಹಸಿವೆಂದು ರಾಗ ಎಳೆಯತೊಡಗಿದಳು. ಅಮ್ಮ ಒಂದು ಸ್ಟೀಲಿನ ಪಾತ್ರೆ ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಬಾಗಿಲ ಹತ್ತಿರ ನಿಂತು, ಆಮೇಲೆ ಎದುರುಮನೆಯ ಸಾವಂತ ಕಾಕುವಿನ ಬಾಗಿಲು ತಟ್ಟಿದಳು. ಒಂದಿಷ್ಟು ಅಕ್ಕಿ ಸಿಗಬಹುದಾ ಎಂದು ತನ್ನ ಹರಕುಮುರುಕು ಮರಾಠಿಯಲ್ಲಿ ಕೇಳಿದಳು.

ಕಾಕು ಒಳ್ಳೆಯ ಹೆಂಗಸು. ಅಕ್ಕಿ ಅಲ್ಲ, ಬಿಸಿ ಅನ್ನ ಮತ್ತು ಆಮಟಿ ಎನ್ನುವ ಬೇಳೆಸಾರನ್ನೇ ತಂದುಕೊಟ್ಟಳು. ಕೊಡುವಾಗ ಮಾತ್ರ ಆಶ್ಚರ್ಯ ತಡೆಯಲಾರದೆ, "ಅಹೋ, ತುಮ್ಚಂ ತರ್ ಹಾಟೇಲ್ ಆಹೇ ನಾ?" ಎಂದುಬಿಟ್ಟಳು. ನಿಮ್ಮದೇ ಹೋಟೆಲಿದೆಯಲ್ಲ ಎಂದು. ಅದರಲ್ಲಿ ಕೊಂಕು ಇರಲಿಲ್ಲ. ಆದರೆ ಅಮ್ಮನ ಕಿವಿಯ ತುದಿ ಕೆಂಪಾದದ್ದನ್ನು ನಾನು ನೋಡಿದೆ.

ಮೂರನೇ ದಿನ ಅಪ್ಪ ಬಂದ. ಗಂಟಲು ಕಟ್ಟಿತ್ತು, ಆದರೂ ಮಾತು ನಿಲ್ಲಲಿಲ್ಲ. ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದವರು ಹೋಟೆಲಿನ ಮೆಟ್ಟಿಲ ಮೇಲೆ, ಮೇಜಿನ ಕೆಳಗೆ, ಎಲ್ಲೆಂದರಲ್ಲಿ ಕೂತಿದ್ದರಂತೆ. ದೊಡ್ಡ ಹಂಡೆಯಲ್ಲಿ ಉಪ್ಪಿಟ್ಟು ಮಾಡಿ ಮಾಡಿ ಅಡುಗೆಯ ಭಟ್ರ ಕೈ ಸೋತಿತಂತೆ. ಒಬ್ಬ ಮುದುಕ ಅಪ್ಪನ ತಲೆಯ ಮೇಲೆ ಕೈಯಿಟ್ಟು ಹರಸಿದನಂತೆ. ಅಮ್ಮ ಎಲ್ಲವನ್ನೂ ಕೇಳಿದಳು.

"ಒಳ್ಳೆದಾಯ್ತು. ಊರಿಗೆಲ್ಲ ನೀವು ಹಾಕಿದ್ರಿ, ನಿಮ್ಮ ಮಕ್ಕಳಿಗೆ ಸಾವಂತ ಕಾಕು ಹಾಕಿದ್ರು" ಎಂದಳು.

ಅಪ್ಪ ತಲೆ ಒರೆಸುತ್ತಿದ್ದ ಟವೆಲನ್ನು ಕುರ್ಚಿಯ ಮೇಲೆ ಹಾಕಿದ.

"ಇನ್ನೊಂದು ಮಳೆಗೆ ನಾನು ಆ ಬಾಗಿಲು ತಟ್ಟುವುದಿಲ್ಲ. ಇಷ್ಟು ಹೇಳಿದ್ದೇನೆ" ಎಂದು ಅಮ್ಮ ಒಳಗೆ ಹೋದಳು.

ಅಪ್ಪ ಅದನ್ನು ಮರೆತಿರಲಿಲ್ಲ. 2006ರ ಮೇ ತಿಂಗಳ ಒಂದು ಮಧ್ಯಾಹ್ನ, ಹೋಟೆಲಿಗೆ ಕಾಫಿಪುಡಿ ಬರುತ್ತಿದ್ದ ಆ ದೊಡ್ಡ ಡಬ್ಬವನ್ನು ಹೆಗಲ ಮೇಲೆ ಹೊತ್ತುಕೊಂಡು ರೈಲಿನಲ್ಲಿ ಬಂದ. ನಡುಮನೆಯಲ್ಲಿ ಇಳಿಸಿ, "ಇದು ಮಳೆಡಬ್ಬ" ಎಂದು ಘೋಷಿಸಿದ. "ಬೇಕಾದ್ದೆಲ್ಲ ಇದ್ರಲ್ಲಿ ಇರ್ತದೆ. ಮಳೆ ಬಂತಾ, ಮುಚ್ಚಳ ತೆಗಿ. ಬೇರೆ ಎಂತದೂ ಬೇಡ."

ಬೇಕಾದ್ದು ಎಂದರೆ ಯಾವುದು? ನನಗೆ ಆ ಪ್ರಶ್ನೆ ಹಿಡಿದುಬಿಟ್ಟಿತು. ಒಂದು ನೋಟುಬುಕ್ಕಿಗೆ ರಟ್ಟು ಹಾಕಿ ಸಿದ್ಧಳಾದೆ. ಒಂದು ಮನೆಗೆ ಮೂರು ದಿನ ಬದುಕಲು ಏನೇನು ಬೇಕು? ಶಾಲೆಯಲ್ಲಿ ಯಾರೂ ಇಂಥ ಸ್ವಾರಸ್ಯದ ಲೆಕ್ಕ ಕೊಟ್ಟಿರಲಿಲ್ಲ. ಅಪ್ಪನ ಬಳಿಯಲ್ಲಿ ಪ್ರತಿಯೊಂದಕ್ಕೂ ಹೋಟೆಲಿನವರ ಶಾಸ್ತ್ರವಿತ್ತು. ಮಳೆಗಾಲದಲ್ಲಿ ಮೊದಲು ಹಳಸುವುದು ಕಾಯಿಚಟ್ನಿ, ಆಮೇಲೆ ಸಾಂಬಾರು, ಆಮೇಲೆ ಮ್ಯಾನೇಜರನ ತಲೆ ಎಂದು ಬರೆಸಿದ. ಬೆಂಕಿಪೆಟ್ಟಿಗೆಯನ್ನು ಬಾಟಲಿಯಲ್ಲಿಟ್ಟು ತಳಕ್ಕೆ ಒಂದು ಹಿಡಿ ಅಕ್ಕಿ ಹಾಕಿದರೆ ಕಡ್ಡಿ ಥಂಡಿಯಾಗುವುದಿಲ್ಲ. ರೇಷನ್ ಕಾರ್ಡು, ಮನೆಯ ಕಾಗದಗಳು ಹಾಲಿನ ಪ್ಲಾಸ್ಟಿಕ್ ಕವರಿನಲ್ಲಿ. ಇರುವೆಗೆ, ಜಿರಳೆಗೆ ಕರ್ಪೂರ.

"ಸೀಟಿ ಯಾಕಪ್ಪಾ?"

"ಕೂಗಿದ್ರೆ ಗಂಟಲು ಕಟ್ಟುತ್ತದೆ. ಹೋದ ವರ್ಷ ನಂದು ಕಟ್ಟಿತ್ತಲ್ಲ. ಸೀಟಿ ಊದಿದ್ರೆ ಕಟ್ಟುವುದಿಲ್ಲ."

ಊಟದ ವಿಷಯಕ್ಕೆ ಬಂದಾಗ ಅಪ್ಪನೂ ಅಮ್ಮನೂ ಒಂದೇ ಉಸಿರಿನಲ್ಲಿ ಹೇಳಿದ್ದು ಕುಚ್ಚಲಕ್ಕಿ. ನಮ್ಮ ಕಡೆ ಮಳೆಗಾಲ ಎಂದರೆ ಕುಚ್ಚಲಕ್ಕಿ ಗಂಜಿ, ಅದಕ್ಕೆ ಮಿಡಿ ಉಪ್ಪಿನಕಾಯಿ, ಹೆಚ್ಚೆಂದರೆ ಒಂದು ಹುರುಳಿ ಚಟ್ನಿ. ಅಜ್ಜಿಯ ಮನೆಯಲ್ಲಿ ಮೇ ತಿಂಗಳಲ್ಲೇ ಹಪ್ಪಳ, ಸಂಡಿಗೆ, ಸೌದೆ ಎಲ್ಲ ಒಳಗೆ ಸೇರಿಸುತ್ತಿದ್ದರಂತೆ. ಅಮ್ಮನಿಗೆ ಹುರುಪು ಬಂತು. ಐದು ಕಿಲೋ ಕುಚ್ಚಲಕ್ಕಿ ಡಬ್ಬಕ್ಕೆ ಸೇರಿತು. ಜೊತೆಗೆ ಹುರುಳಿ, ಹಪ್ಪಳ, ಉಪ್ಪಿನಕಾಯಿ, ಒಂದು ಬಾಟಲಿ ಸೀಮೆಎಣ್ಣೆ, ಪಕ್ಕದಲ್ಲಿ ಪಂಪ್ ಸ್ಟವ್ವು. ನನ್ನ ನೋಟುಬುಕ್ಕಿನಲ್ಲಿ ಎರಡು ಪುಟ ತುಂಬಿತು. ಮೂವರೂ ಬಹಳ ಬುದ್ಧಿವಂತರೆಂದು ನಮಗೆ ನಾವೇ ಬೆನ್ನು ತಟ್ಟಿಕೊಂಡೆವು.

"ಹಾಗೇ ಇಟ್ರೆ ಆಗ್ಲಿಕ್ಕಿಲ್ಲ. ಹೊಸ ತಿಂಡಿ ಮಾಡಿದ್ರೆ ಗಿರಾಕಿಗೆ ಕೊಡುವ ಮೊದ್ಲು ನಾವು ತಿಂದು ನೋಡುದಿಲ್ವಾ? ಇದನ್ನೂ ನೋಡ್ಬೇಕು" ಎಂದ ಅಪ್ಪ.

ಹಾಗೆ ಒಂದು ಭಾನುವಾರ, ಬೆಳಗಿನ ಗದ್ದಲ ಮುಗಿಸಿ ಮನೆಗೆ ಬಂದವನೇ ಮೇನ್ ಸ್ವಿಚ್ ಆರಿಸಿದ, ನಲ್ಲಿಯ ವಾಲ್ವ್ ತಿರುಗಿಸಿದ. "ಈಗ ಮಳೆ ಬಂದಿದೆ" ಎಂದ. ಹೊರಗೆ ಬೆಂಕಿಯಂಥ ಬಿಸಿಲು. ಫ್ಯಾನಿಲ್ಲದೆ ಬೆವರು ಸುರಿಸುತ್ತ ನಾವು ಮಳೆಯನ್ನು ಊಹಿಸಿಕೊಂಡು ಕೂತೆವು. ದೀಪಾ ನಿಜವಾಗಿಯೂ ರೇನ್‌ಕೋಟು ಹಾಕಿಕೊಂಡಳು.

ಒಂದು ಬಕೆಟ್ ನೀರು ಮಾತ್ರ ಬಳಸಬೇಕು ಎಂದು ಅಪ್ಪ ಷರತ್ತು ಹಾಕಿದ್ದ. ಅಮ್ಮ ಕುಚ್ಚಲಕ್ಕಿಯನ್ನು ಅಭ್ಯಾಸದಂತೆ ಮೂರು ಸಲ ತೊಳೆದಳು. ಬಕೆಟ್ಟು ಅರ್ಧವಾಯಿತು. ಬೇಯಲು ನೀರಿಟ್ಟಳು, ಇನ್ನೂ ಕಾಲು ಭಾಗ ಹೋಯಿತು. ಸ್ಟವ್ವಿನ ಬರ್ನರು ಕಟ್ಟಿಕೊಂಡಿತ್ತು, ಪಿನ್ನು ಇರಲಿಲ್ಲ. ನನ್ನ ಹೇರ್‌ಪಿನ್ನಿನಿಂದ ಚುಚ್ಚಿ ಅಪ್ಪ ಹೇಗೋ ಹೊತ್ತಿಸಿದ. ಆಮೇಲೆ ಕಾದದ್ದೇ ಕಾದದ್ದು. ಕುಚ್ಚಲಕ್ಕಿ ಯಾವ ಕಾಲಕ್ಕೆ ಬೇಗ ಬೆಂದಿದೆ? ಒಂದು ಗಂಟೆಯಾದರೂ ಕಾಳು ಕಾಳಾಗಿಯೇ ಇತ್ತು. ಅಪ್ಪ ಸ್ಟವ್ವಿಗೆ ಪಂಪು ಹೊಡೆಯುತ್ತ, ನಾನು ಗಡಿಯಾರ ನೋಡಿ ಬರೆಯುತ್ತ ಇದ್ದಾಗಲೇ ಬಾಟಲಿಯ ಸೀಮೆಎಣ್ಣೆ ತಳ ಕಂಡಿತು.

"ಮಮ್ಮಿ, ಭೂಕ್ ಲಾಗ್ಲಿ. ಖರಾ ಪಾವುಸ್ ಆಲಾ ತರ್ ಕಾಯ್ ಕರ್ಣಾರ್?" ಎಂದಳು ದೀಪಾ. ಹಸಿವಾಗ್ತಿದೆ, ನಿಜವಾದ ಮಳೆ ಬಂದರೆ ಏನು ಮಾಡ್ತೀರಿ ಎಂದು.

ಅಮ್ಮ ಮೊದಲು ನಕ್ಕಳು. ಆಮೇಲೆ ಅಪ್ಪನೂ ನಕ್ಕ. ನೀರೂ ಬೆಂಕಿಯೂ ಇಲ್ಲದ ದಿನಕ್ಕೆಂದು, ಎಲ್ಲಕ್ಕಿಂತ ಹೆಚ್ಚು ನೀರು ಬೆಂಕಿ ಬೇಡುವ ಅಕ್ಕಿಯನ್ನು ಹುಡುಕಿ ಇಟ್ಟಿದ್ದೆವು. "ಗಂಜಿಯ ತಿಳಿ ಕುಡೀಬಹುದಲ್ಲ, ನೀರು ದಂಡ ಅಲ್ಲ" ಎಂದು ಅಪ್ಪ ಸೋಲೊಪ್ಪದೆ ವಾದಿಸಿದ. "ಮಾರಾಯ್ರೆ, ಸುಮ್ಮನಿರಿ" ಎಂದು ಅಮ್ಮ ಕಣ್ಣು ಒರೆಸಿಕೊಂಡಳು. ಆ ಮಧ್ಯಾಹ್ನವೇ ಕುಚ್ಚಲಕ್ಕಿ ಡಬ್ಬದಿಂದ ಹೊರಬಿದ್ದು ತೆಳು ಅವಲಕ್ಕಿ ಒಳಗೆ ಬರುವುದೆಂದಾಯಿತು. ಅವಲಕ್ಕಿ, ಪುಡಿ ಮಾಡಿದ ಬೆಲ್ಲ, ಹುರಿಗಡಲೆ, ಚಟ್ನಿಪುಡಿ. ಬೆಂಕಿ ಬೇಡ, ಒಂದು ಲೋಟ ನೀರು ಚಿಮುಕಿಸಿದರೆ ಊಟ.

ತಳದಲ್ಲಿ ಉಳಿದಿದ್ದ ಸೀಮೆಎಣ್ಣೆಯಲ್ಲಿ ಅಂದಿನ ಗಂಜಿ ಮಾತ್ರ ಹೇಗೋ ಬೆಂದಿತು, ಅಪ್ಪ ಡಬ್ಬದಿಂದ ತಟ್ಟೆ ತೆಗೆದು ಬಡಿಸಿದ. ಅಮ್ಮ, ನಾನು, ದೀಪಾ ಕೂತೆವು. ಅಪ್ಪ ಸೌಟು ಹಿಡಿದು ನಿಂತೇ ಇದ್ದ, ಹೋಟೆಲಿನಲ್ಲಿ ನಿಲ್ಲುವ ಹಾಗೆ. ಎಲ್ಲವನ್ನೂ ಎಣಿಸಿ ಬರೆಯುವ ಚಟ ಹತ್ತಿದ್ದ ನಾನು ಆಗಲೇ ಗಮನಿಸಿದ್ದು. ತಟ್ಟೆ ಮೂರು, ಲೋಟ ಮೂರು, ಚಮಚ ಮೂರು.

"ಅಪ್ಪಾ, ನಿಮ್ಮ ತಟ್ಟೆ ಎಲ್ಲಿ?"

"ನಂಗೆ ಎಂತಕ್ಕೆ? ಮಳೆ ಬಂದ್ರೆ ನಾನು ಅಲ್ಲೇ ಅಲ್ವಾ" ಎಂದ ಸಹಜವಾಗಿ. "ಹೋಟೆಲಲ್ಲಿ ತಟ್ಟೆ ಇಲ್ವಾ ಮಗಾ?"

ಈಗಷ್ಟೇ ನಗುತ್ತಿದ್ದ ಅಮ್ಮನ ಮುಖ ಬಾಡಿತು. "ಹೌದು, ಹೋಟೆಲಲ್ಲಿ ತಟ್ಟೆಗೆ ಎಂತ ಕಮ್ಮಿ" ಎಂದು ಗಂಜಿ ಕಲಸತೊಡಗಿದಳು.

ಈ ಡಬ್ಬ ನಮ್ಮನ್ನು ಮಳೆಯಿಂದ ಕಾಪಾಡಲಿಕ್ಕೆ ಎಂದು ಇಷ್ಟು ದಿನ ಉತ್ಸಾಹದಿಂದ ಕುಣಿದವಳು ನಾನು. ಅದು ಅಪ್ಪ ಬರದೇ ಇರಲಿಕ್ಕೆ ಮಾಡಿಕೊಂಡ ಏರ್ಪಾಡೂ ಹೌದು ಎಂದು ಅಮ್ಮನಿಗೆ ತಿಳಿಯಿತು, ಅವಳ ಮುಖ ನೋಡಿ ನನಗೂ ತಿಳಿಯಿತು. ಅಪ್ಪನಿಗೆ ಮಾತ್ರ ತಿಳಿಯಲಿಲ್ಲ. ಅವನ ಮೇಲೆ ಸಿಟ್ಟೂ ಬಂತು, ಪಾಪವೆಂದೂ ಅನಿಸಿತು. ಬರೆಯಲು ಏನೂ ತೋಚದೆ ನೋಟುಬುಕ್ಕು ಮುಚ್ಚಿಟ್ಟೆ.

ಜೂನ್ ಮೊದಲ ವಾರ ಅಮ್ಮ ನನ್ನನ್ನು ಕರೆದುಕೊಂಡು ವಾಶಿಗೆ ಹೋದಳು. ಅವಲಕ್ಕಿ, ಬೆಲ್ಲ, ಟಾರ್ಚಿಗೆ ಸೆಲ್ಲು ಎಲ್ಲ ಆದ ಮೇಲೆ ಒಂದು ಪಾತ್ರೆ ಅಂಗಡಿಯ ಮುಂದೆ ನಿಂತು, "ನೀನು ಹೋಗಿ ಸ್ಟವ್ ಪಿನ್ನು ಸಿಗ್ತದಾ ನೋಡು" ಎಂದು ನನ್ನನ್ನು ಸಾಗಹಾಕಿದಳು. ಪಿನ್ನು ಮೂರನೇ ಅಂಗಡಿಯಲ್ಲಿ ಸಿಕ್ಕಿತು. ವಾಪಸ್ಸು ಬರುವಾಗ ಪಾತ್ರೆ ಅಂಗಡಿಯ ಒಳಗಿನಿಂದ ಹೆಸರು ಕೊರೆಯುವ ಮೆಷಿನ್ನಿನ ಟರ್ರ್ ಎಂಬ ಸದ್ದು ಕೇಳುತ್ತಿತ್ತು. ಅಮ್ಮ ಪೇಪರಿನಲ್ಲಿ ಸುತ್ತಿದ ಏನನ್ನೋ ಚೀಲದ ತಳಕ್ಕೆ ತುರುಕಿದಳು.

"ಎಂತ ಅಮ್ಮಾ ಅದು?"

"ನಿಂಗೆ ಎಲ್ಲ ಗೊತ್ತಾಗ್ಬೇಕಾ?"

ಗೊತ್ತಾಗಲೇಬೇಕಿತ್ತು. ಅಮ್ಮ ಸ್ನಾನಕ್ಕೆ ಹೋದಾಗಲೆಲ್ಲ ಕಪಾಟು, ದೇವರ ಗೂಡಿನ ಹಿಂಭಾಗ, ಹಾಸಿಗೆಯ ಅಡಿ ಹುಡುಕಿದೆ. ಸಿಗಲಿಲ್ಲ.

ಜುಲೈಯಲ್ಲಿ ಒಂದು ದಿನ ಬೆಳಗ್ಗೆಯೇ ಆಕಾಶ ಕಪ್ಪಾಗಿ ಸುರಿಯಲು ಶುರುವಾದದ್ದು ನಿಲ್ಲಲೇ ಇಲ್ಲ. ಶಾಲೆ ಅರ್ಧಕ್ಕೆ ಬಿಟ್ಟರು. ನಾನು ದೀಪಾಳ ಕೈ ಹಿಡಿದು ಮನೆ ಸೇರುವಷ್ಟರಲ್ಲಿ ಕಟ್ಟಡದ ಎರಡನೇ ಮೆಟ್ಟಿಲು ನೀರಿನಲ್ಲಿತ್ತು. ಕರೆಂಟು ಹೋಗಿತ್ತು, ಪಂಪು ನಿಂತು ನಲ್ಲಿಯೂ ಒಣಗಿತ್ತು. ಲ್ಯಾಂಡ್‌ಲೈನ್ ಮಾತ್ರ ಬದುಕಿತ್ತು. ಅದು ಹೊಡೆದುಕೊಂಡಾಗ ಅಮ್ಮ ಎತ್ತಿದಳು, ನಾನು ರಿಸೀವರಿಗೆ ಕಿವಿ ತಾಗಿಸಿದೆ.

"ಟ್ರೇನ್ ನಿಂತಿದೆ ಮಾರಾಯ್ತಿ. ಇಲ್ಲಿ ಮೆಟ್ಟಿಲ ತನಕ ಜನ. ಡಬ್ಬ ತೆಗಿ, ಹೆದರ್ಬೇಡಿ."

"ಹೆದರ್ಲಿಕ್ಕೆ ಎಂತ ಉಂಟು?" ಎಂದಳು ಅಮ್ಮ. "ಎಲ್ಲ ಮೂರು ಮೂರು ಇಟ್ಟಿದ್ದೀರಲ್ಲ."

ಆ ಕಡೆಯಿಂದ ಹಂಡೆಗೆ ಸೌಟು ಬಡಿಯುವ ಸದ್ದು, ಜನರ ಗಲಾಟೆ ಕೇಳಿತು. ಆಮೇಲೆ ಲೈನು ಸತ್ತಿತು.

ಡಬ್ಬದ ಮುಚ್ಚಳ ತೆಗೆದಾಗ ಕಾಫಿ ಮತ್ತು ಕರ್ಪೂರದ ವಾಸನೆ ಮನೆಯೆಲ್ಲ ತುಂಬಿತು. ಎಲ್ಲವೂ ನನ್ನ ನೋಟುಬುಕ್ಕಿನಲ್ಲಿದ್ದಂತೆಯೇ ಇತ್ತು, ಎಲ್ಲವೂ ಹೇಳಿದಂತೆಯೇ ಕೆಲಸ ಮಾಡಿತು. ಬೆಂಕಿಕಡ್ಡಿ ಒಂದೇ ಗೀರಿಗೆ ಹತ್ತಿತು. ಅವಲಕ್ಕಿಗೆ ಬೆಲ್ಲ ಬೆರೆಸಿ ತಿಂದೆವು. ದೀಪಾ ಎರಡು ಸಲ ಹಾಕಿಸಿಕೊಂಡು ಸೀಟಿ ಊದುತ್ತ ಮನೆ ತುಂಬ ಓಡಾಡಿದಳು. ಸಂಜೆಗೆ ಮೊದಲು ಬಾಗಿಲು ತಟ್ಟಿದ ಸದ್ದಾಯಿತು. ಸಾವಂತ ಕಾಕು. ಗ್ಯಾಸು ಮುಗಿದಿದೆ, ಹೊಸ ಸಿಲಿಂಡರ್ ಬರುವ ಹಾಗಿಲ್ಲ, ಮೇಣದಬತ್ತಿಯೂ ಇಲ್ಲ ಎಂದಳು ಸಂಕೋಚದಿಂದ. ಅಮ್ಮ ಹೋದ ವರ್ಷ ಹಿಡಿದುಕೊಂಡು ಹೋಗಿದ್ದ ಅದೇ ಪಾತ್ರೆಯ ತುಂಬ ಅವಲಕ್ಕಿ ಕಲಸಿ, ಮೇಲೊಂದು ಮೇಣದಬತ್ತಿ ಇಟ್ಟು ಕೊಟ್ಟಳು. ಹೋಟೆಲಿನ ಮಾತು ಯಾರೂ ಎತ್ತಲಿಲ್ಲ.

ಅಮ್ಮನ ಮಾತು ಉಳಿದಿತ್ತು, ಅವಳು ಯಾರ ಬಾಗಿಲನ್ನೂ ತಟ್ಟಲಿಲ್ಲ. ಆದರೂ ಅವಳು ಖುಷಿಯಾಗಿರಲಿಲ್ಲ. ಕಿಟಕಿಯ ಬಳಿ ನಿಂತು ರಸ್ತೆಯ ನೀರನ್ನೇ ನೋಡುತ್ತಿದ್ದಳು. ಡಬ್ಬದಲ್ಲಿ ಏನೂ ಕಡಿಮೆಯಿರಲಿಲ್ಲ, ಅದೇ ಅವಳಿಗೆ ಸಂಕಟವಾಗಿತ್ತೆಂದು ನನಗೆ ಅನಿಸಿತು. ಅಪ್ಪ ಇಲ್ಲದೆಯೂ ಮನೆ ನಡೆಯುತ್ತದೆ ಎಂದು ಆ ಡಬ್ಬ ತೋರಿಸಿಕೊಟ್ಟಿತ್ತು.

ಮರುದಿನ ಮಧ್ಯಾಹ್ನ ಮಳೆ ಸ್ವಲ್ಪ ಸಡಿಲವಾಯಿತು. ಕಿಟಕಿಯಲ್ಲಿದ್ದ ದೀಪಾ, "ಪಪ್ಪಾ!" ಎಂದು ಕಿರುಚಿ ಸೀಟಿ ಊದಿದಳು. ಮೊಣಕಾಲು ಮುಳುಗುವ ನೀರಿನಲ್ಲಿ ಒಬ್ಬ ಮನುಷ್ಯ ಬರುತ್ತಿದ್ದ. ಪ್ಯಾಂಟು ತೊಡೆಯವರೆಗೆ ಮಡಚಿತ್ತು, ಕೊಡೆಯ ಕಡ್ಡಿಗಳು ಹೊರಗೆ ಬಂದಿದ್ದವು, ಕಾಲಿನಲ್ಲಿ ಒಂದೇ ಚಪ್ಪಲಿ.

ಠಾಣೆಯಿಂದ ನಡೆದೇ ಬಂದಿದ್ದ. ಬೆಳಗಾಗುತ್ತಲೇ ಹೊರಟು ಐರೋಲಿ, ಘಣಸೋಲಿ, ತುರ್ಭೆ ದಾಟಿ. ಬಾಗಿಲಲ್ಲಿ ನಿಂತವನ ಮೈಯಿಂದ ನೀರಿಳಿಯುತ್ತಿತ್ತು. ಅಮ್ಮ ಟವೆಲು ಕೊಡಲಿಲ್ಲ, ಒಳಗೆ ಬನ್ನಿ ಎನ್ನಲೂ ಇಲ್ಲ.

"ಹೋಟೆಲು?" ಎಂದಳು.

"ಕೀ ಭಟ್ರಿಗೆ ಕೊಟ್ಟೆ."

ಆ ಬೀಗದ ಕೈ ಅಪ್ಪನ ಸೊಂಟದಿಂದ ಇಳಿದದ್ದನ್ನು ನಾವು ಯಾರೂ ಕಂಡಿರಲಿಲ್ಲ. ಜ್ವರ ಬಂದು ಮಲಗಿದಾಗಲೂ ಅದು ದಿಂಬಿನ ಅಡಿಯಲ್ಲಿರುತ್ತಿತ್ತು. ಅಮ್ಮನ ಕಣ್ಣು ತಾನಾಗಿಯೇ ಅವನ ಸೊಂಟದ ಕಡೆ ಹೋಯಿತು. ಅಲ್ಲಿ ಖಾಲಿ ಕೊಕ್ಕೆ ನೇತಾಡುತ್ತಿತ್ತು.

"ಅಲ್ಲಿ ಅಷ್ಟು ಜನ ಇದ್ರಲ್ಲ?"

"ಇದ್ರು. ಭಟ್ರಿದ್ದಾರೆ, ಸಾಮಾನು ಉಂಟು, ಅವರ ಹೊಟ್ಟೆಗೆ ತೊಂದ್ರೆ ಇಲ್ಲ" ಎಂದ ಅಪ್ಪ. ಆಮೇಲೆ ಅಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದ. "ಎಲ್ಲರದ್ದೂ ಆಯ್ತು. ಇನ್ನು ನಾನು ತಿನ್ನುವ ಅಂತ ತಟ್ಟೆ ತೆಗೊಂಡೆ ಮಗಾ. ನೀನು ಅವತ್ತು ಕೇಳಿದ್ದು ನೆನಪಾಯ್ತು, ನಿಮ್ಮ ತಟ್ಟೆ ಎಲ್ಲಿ ಅಂತ. ನೋಡಿದ್ರೆ ಕಪಾಟು ತುಂಬ ತಟ್ಟೆ ಉಂಟು. ನಂದು ಅಂತ ಒಂದೂ ಇಲ್ಲ. ಒಂದು ತುತ್ತು ಒಳಗೆ ಹೋಗ್ಲಿಲ್ಲ."

ಅಮ್ಮ ಡಬ್ಬದ ಹತ್ತಿರ ಹೋಗಿ ಕೂತು, ಉಳಿದ ಸಾಮಾನುಗಳನ್ನೆಲ್ಲ ಒಂದೊಂದಾಗಿ ಹೊರಗಿಟ್ಟಳು. ಖಾಲಿಯಾದ ಡಬ್ಬದ ತಳಕ್ಕೆ ಹಾಸಿದ್ದ ಪೇಪರನ್ನು ಎತ್ತಿದಳು. ಅದರ ಅಡಿಯಲ್ಲಿ ಮತ್ತೊಂದು ಪೇಪರಿನಲ್ಲಿ ಸುತ್ತಿದ ಚಪ್ಪಟೆ ವಸ್ತುವಿತ್ತು. ಮನೆಯೆಲ್ಲ ಜಾಲಾಡಿದ್ದ ನಾನು ಡಬ್ಬದೊಳಗೆ ಹುಡುಕಿರಲಿಲ್ಲ.

ಅದೊಂದು ಸ್ಟೀಲಿನ ತಟ್ಟೆ. ಹೋಟೆಲಿನದಲ್ಲ, ಮನೆಯಲ್ಲಿ ಉಣ್ಣುವಂಥದ್ದು, ಅಂಚು ದಪ್ಪಗಿತ್ತು. ವಾಶಿಯ ಅಂಗಡಿಯವನಿಗೆ ಕನ್ನಡ ಬರುವುದಿಲ್ಲವಾದ್ದರಿಂದ ಮರಾಠಿ ಅಕ್ಷರದಲ್ಲಿ, ಚುಕ್ಕಿ ಚುಕ್ಕಿಯಾಗಿ ಅಪ್ಪನ ಹೆಸರು ಕೊರೆದಿದ್ದ. ಶ್ರೀನಿವಾಸ. ನಮ್ಮವರಲ್ಲಿ ತಟ್ಟೆಯ ಮೇಲೆ ಹೆಸರು ಬರೆಸುವುದು ಯಾರಿಗಾದರೂ ಉಡುಗೊರೆ ಕೊಡುವಾಗ, ಅದೂ ಕೊಟ್ಟವರ ಹೆಸರು. ಉಣ್ಣುವವನ ಹೆಸರು ಬರೆಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಪ್ಪ ಆ ಅಕ್ಷರಗಳ ಮೇಲೆ ಒದ್ದೆ ಬೆರಳಾಡಿಸಿದ. "ಇದು ಯಾವಾಗ ಇಟ್ಟೆ?"

"ನೀವು ಮೂರು ಇಟ್ರಲ್ಲ, ಅದಾದ ಮೇಲೆ."

ಅಪ್ಪ ಅಲ್ಲೇ, ಒದ್ದೆ ಬಟ್ಟೆಯಲ್ಲೇ ನೆಲದ ಮೇಲೆ ಕೂತ. ಅಮ್ಮ ಅವಲಕ್ಕಿ ಹಾಕಿ, ಬೆಲ್ಲ ಉದುರಿಸಿ, ನೀರು ಚಿಮುಕಿಸಿದಳು. ತನ್ನ ತಟ್ಟೆಯನ್ನೂ ತಂದು ಅವನ ಪಕ್ಕದಲ್ಲಿ ಕೂತಳು. ಅಂದು ಯಾರೂ ನಿಂತು ಬಡಿಸಲಿಲ್ಲ.

ಇಷ್ಟನ್ನು ಹೇಳಿ ಮುಗಿಸುವಾಗ ಮಂಜುನಾಥ ಮೂರು ತಟ್ಟೆಗಳನ್ನು ಒರೆಸಿ ಒಂದರ ಮೇಲೊಂದು ಇಟ್ಟಿದ್ದ. "ಹಂಗಾರ ಆ ತಾಟ ಎಲ್ಲೈತಿ?" ಎಂದ.

ಆ ತಟ್ಟೆ ಮತ್ತೆ ಡಬ್ಬಕ್ಕೆ ಹೋಗಲೇ ಇಲ್ಲ. ಆ ವರ್ಷದ ಆಗಸ್ಟಿನಿಂದ ಅಮ್ಮ ಮನೆಯಲ್ಲೇ ಅಡುಗೆ ಶುರುಮಾಡಿದಳು, ಅಡುಗೆಕಟ್ಟೆಯ ಹೂದಾನಿ ಟಿವಿಯ ಪಕ್ಕಕ್ಕೆ ಹೋಯಿತು. ಅಪ್ಪ ವಾರಕ್ಕೊಂದು ದಿನ ಕೀಯನ್ನು ಭಟ್ರಿಗೆ ಕೊಟ್ಟು ಮನೆಯಲ್ಲಿ ಉಣ್ಣತೊಡಗಿದ, ಆಮೇಲೆ ವಾರಕ್ಕೆರಡು ದಿನ. ಈಗ ಹೋಟೆಲನ್ನು ಭಟ್ರ ಮಗ ನಡೆಸುತ್ತಾನೆ.

ನಾನು ಉತ್ತರ ಹೇಳುವ ಮೊದಲೇ ಒಳಗಿನಿಂದ ಅಮ್ಮ ಊಟಕ್ಕೆ ಕರೆದಳು. ನಡುಮನೆಯಲ್ಲಿ ಕೂತಿದ್ದ ಅಪ್ಪ ಎದ್ದು ಹೋಗಿ, ಪಾತ್ರೆಯ ಸ್ಟ್ಯಾಂಡಿನಲ್ಲಿದ್ದ ಹೊಸ ತಟ್ಟೆಗಳನ್ನೆಲ್ಲ ಸರಿಸಿ, ಹಿಂದಿನಿಂದ ಒಂದು ಹಳೆಯದನ್ನು ಎಳೆದುಕೊಂಡ. ಹನ್ನೆರಡು ವರ್ಷ ತಿಕ್ಕಿ ತಿಕ್ಕಿ ಅದರ ಮೇಲಿನ ಚುಕ್ಕಿಗಳು ಸವೆದು ಹೋಗಿವೆ, ಹೊಸಬರಿಗೆ ಹೆಸರು ಓದಲು ಬರುವುದಿಲ್ಲ. ಅಪ್ಪ ಕಣ್ಣು ಹಾಯಿಸಲೂ ಇಲ್ಲ, ಬೆರಳಿಂದ ಅಂಚನ್ನು ಸವರಿ ನೋಡಿ, ತನ್ನದೇ ಎಂದು ಖಾತ್ರಿ ಮಾಡಿಕೊಂಡು ಊಟಕ್ಕೆ ಕೂತ.